ಮುಂದಿನ ಸಂಚಿಕೆಯಲ್ಲಿ ಉತ್ತರ: ಆಫ್ರಿಕಾದ ವಿಮೋಚನೆ ಮತ್ತು ಅದರ ನಿಯತಕಾಲಿಕೆಗಳು



ಆಫ್ರಿಕಾದ ಸ್ವಾತಂತ್ರ್ಯ ಹೋರಾಟ ಎಂದೊಡನೆ ಎನ್‌ಕ್ರುಮಾ, ಕೆನ್ಯಾಟಾ, ಮಂಡೇಲಾ ಅವರ ಹೆಸರು ನಮ್ಮ ನಾಲಿಗೆಗೆ ಬರುತ್ತದೆ. ಆಫ್ರಿಕಾದ ಸಾಹಿತ್ಯ ಎಂದರೆ ಅಚಿಬೆ, ಗೂಗಿ, ಸೋಯಿಂಕಾ; ಚಿಂತನೆ ಎಂದರೆ ಸೆಝೇರ್, ಫ್ಯಾನನ್. ಇವರೆಲ್ಲ ನಮ್ಮ ಕೈಗೆ ಸಿಕ್ಕಿದ್ದು ಪುಸ್ತಕಗಳಾಗಿ, ಅದೂ ಪಠ್ಯಕ್ರಮದ ಪುಸ್ತಕಗಳಾಗಿ. ಹಾಗಾಗಿ ಅವರ ವಿಚಾರಗಳು ಮೊದಲಿನಿಂದಲೂ ಸಿದ್ಧವಾಗಿಯೇ ಇದ್ದವು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇದ್ದದ್ದು ಹಾಗಲ್ಲ. ಆ ವಿಚಾರಗಳಲ್ಲಿ ಬಹುಪಾಲು ಮೊದಲು ಅಚ್ಚಾದದ್ದು ತಿಂಗಳಿಗೋ ಮೂರು ತಿಂಗಳಿಗೋ ಹೊರಬರುತ್ತಿದ್ದ, ಹಣಕ್ಕೆ ಸದಾ ಪರದಾಡುತ್ತಿದ್ದ ಪತ್ರಿಕೆಗಳಲ್ಲಿ. ಅಲ್ಲಿ ಅವು ಪ್ರಶ್ನೆಗೆ ಒಳಗಾದವು, ಪೆಟ್ಟು ತಿಂದವು, ತಿದ್ದಿಕೊಂಡವು. ಪುಸ್ತಕವನ್ನು ಒಬ್ಬರು ಬರೆದು ಮುಗಿಸುತ್ತಾರೆ. ಪತ್ರಿಕೆಯಲ್ಲಿ ಬರೆದವರು ಮುಂದಿನ ಸಂಚಿಕೆಯಲ್ಲಿ ಬರುವ ಉತ್ತರಕ್ಕೆ ಎದೆಯೊಡ್ಡಬೇಕು. ವಸಾಹತು ಆಳ್ವಿಕೆ ಆಫ್ರಿಕನ್ನರಿಂದ ಕಸಿದುಕೊಂಡಿದ್ದು ಇದನ್ನೇ, ತಮ್ಮತಮ್ಮಲ್ಲೇ ಬಹಿರಂಗವಾಗಿ ವಾದಿಸುವ ಜಾಗವನ್ನು. ಅವರಿಗೆ ಅದನ್ನು ಮರಳಿ ಕೊಟ್ಟದ್ದು ಪತ್ರಿಕೆಗಳು ಎಂಬುದು ಇವತ್ತು ನಾನು ನಿಮ್ಮ ಮುಂದಿಡಲಿರುವ ಮಾತು.

ಮೊದಲು ಕೀನ್ಯಾದ ನೈರೋಬಿಗೆ ಹೋಗೋಣ. ಅಲ್ಲಿನ ಕತೆಯಲ್ಲಿ ಭಾರತೀಯರ ಪಾಲೂ ಇದೆ.

1928ರಲ್ಲಿ ಕಿಕುಯು ಸೆಂಟ್ರಲ್ ಅಸೋಸಿಯೇಷನ್ ಎಂಬ ಸಂಘಟನೆಯ ಕಾರ್ಯದರ್ಶಿಯಾಗಿದ್ದ ಜೋಮೊ ಕೆನ್ಯಾಟಾ 'ಮುಯಿಗ್ವಿಥಾನಿಯಾ' ಎಂಬ ಗಿಕುಯು ಭಾಷೆಯ ಮಾಸಪತ್ರಿಕೆ ಶುರು ಮಾಡಿದರು. ಬಿಳಿಯ ವಲಸಿಗರು ಬೆಟ್ಟದ ಸೀಮೆಯ ಫಲವತ್ತಾದ ನೆಲವನ್ನೆಲ್ಲ ಆಕ್ರಮಿಸಿಕೊಂಡಿದ್ದ ಕಾಲ ಅದು. ಭೂಮಿಯ ಪ್ರಶ್ನೆ, ಮಕ್ಕಳ ಓದು, ಗಾದೆಗಳು, ಊರ ಹಿರಿಯರ ಪತ್ರಗಳು ಒಂದೇ ಹಾಳೆಯ ಮೇಲೆ ಬಂದವು. ಬೇರೆ ಬೇರೆ ಗುಡ್ಡಗಳ ಮೇಲೆ ಬದುಕುತ್ತಿದ್ದ ಜನ ತಾವೆಲ್ಲ ಒಂದೇ ಸಂಕಟದಲ್ಲಿದ್ದೇವೆ ಎಂದು ತಮ್ಮ ಭಾಷೆಯಲ್ಲೇ ಓದಿಕೊಂಡರು.

ಆಫ್ರಿಕನ್ನರ ಇಂಥ ಪತ್ರಿಕೆಗಳು ಅಚ್ಚಾಗುತ್ತಿದ್ದದ್ದು ಹೆಚ್ಚಾಗಿ ಭಾರತೀಯರ ಮುದ್ರಣಾಲಯಗಳಲ್ಲಿ. ಕಾರಣ ಸರಳವಾಗಿದೆ. ವಸಾಹತಿನ ಜನಾಂಗೀಯ ಏಣಿಯಲ್ಲಿ ಭಾರತೀಯರನ್ನು ನಡುವೆ ಕೂರಿಸಲಾಗಿತ್ತು. ಅಚ್ಚಿನ ಯಂತ್ರ ಕೊಳ್ಳುವಷ್ಟು ದುಡ್ಡು ಅವರಲ್ಲಿ ಕೆಲವರಿಗಿತ್ತು. ಆದರೆ ಸಂತೃಪ್ತರಾಗಿ ಸುಮ್ಮನಿರುವಷ್ಟು ಹಕ್ಕು ಯಾರಿಗೂ ಇರಲಿಲ್ಲ. 1920ರ ದಶಕದ ಆರಂಭದಲ್ಲಿ ಮಣಿಲಾಲ್ ದೇಸಾಯಿ ತಮ್ಮ 'ಈಸ್ಟ್ ಆಫ್ರಿಕನ್ ಕ್ರಾನಿಕಲ್' ಕಚೇರಿಯ ಬಾಗಿಲನ್ನು ಹ್ಯಾರಿ ಥುಕು ಎಂಬ ಗಿಕುಯು ತರುಣನಿಗೆ ತೆರೆದಿಟ್ಟರು. 1922ರ ಮಾರ್ಚಿನಲ್ಲಿ ಥುಕು ಬಂಧನವನ್ನು ವಿರೋಧಿಸಿ ನೆರೆದ ಜನರ ಮೇಲೆ ಗುಂಡು ಹಾರಿತು. 1933ರಲ್ಲಿ ಗಿರಿಧಾರಿಲಾಲ್ ವಿದ್ಯಾರ್ಥಿ 'ಕಲೋನಿಯಲ್ ಟೈಮ್ಸ್' ಆರಂಭಿಸಿದರು, ಮುಂದೆ ಸ್ವಾಹಿಲಿ ಪತ್ರಿಕೆಗಳನ್ನೂ ಹೊರತಂದರು, ರಾಜದ್ರೋಹದ ಆಪಾದನೆಯ ಮೇಲೆ ಜೈಲಿಗೂ ಹೋದರು. ಪೂರ್ವ ಆಫ್ರಿಕಾದ ಭಾರತೀಯರೆಂದರೆ ಅಂಗಡಿಯವರು ಎಂದಷ್ಟೇ ತಿಳಿದಿರುವ ನಾವು ಈ ಹೆಸರುಗಳನ್ನೂ ನೆನಪಿಡಬೇಕು. ಎಲ್ಲ ಭಾರತೀಯರೂ ಹೀಗಿದ್ದರು ಎಂದು ಮಾತ್ರ ಹೇಳಬಾರದು. ಅದಕ್ಕೂ ಮೊದಲು, 1903ರಲ್ಲಿ, ದಕ್ಷಿಣ ಆಫ್ರಿಕಾದ ನಟಾಲ್‌ನಲ್ಲಿ ಗಾಂಧೀಜಿಯವರ 'ಇಂಡಿಯನ್ ಒಪಿನಿಯನ್' ಮತ್ತು ಜಾನ್ ಡುಬೆ ಅವರ ಜುಲು ಪತ್ರಿಕೆ 'ಇಲಾಂಗಾ' ಒಂದೇ ವರ್ಷ ಹುಟ್ಟಿದವು. ಗಾಂಧೀಜಿಯ ಫೀನಿಕ್ಸ್ ಆಶ್ರಮಕ್ಕೂ ಡುಬೆ ಅವರ ಓಹ್ಲಾಂಗೆ ಶಾಲೆಗೂ ಹೆಚ್ಚು ದೂರವಿರಲಿಲ್ಲ. ಆದರೂ ಆ ವರ್ಷಗಳಲ್ಲಿ 'ಇಂಡಿಯನ್ ಒಪಿನಿಯನ್' ಹೋರಾಡಿದ್ದು ಭಾರತೀಯರ ಹಕ್ಕಿಗಾಗಿ. ಪಕ್ಕದಲ್ಲಿದ್ದ ಆಫ್ರಿಕನ್ನರ ಹೋರಾಟವನ್ನು ಅದು ತನ್ನದೆಂದುಕೊಳ್ಳಲಿಲ್ಲ. ನೈರೋಬಿಯ ಮುದ್ರಕರು ನೆರೆಮನೆಯವರ ಜೊತೆ ನಿಂತದ್ದು ನನಗೆ ದೊಡ್ಡದಾಗಿ ಕಾಣುವುದು ಇದರಿಂದಲೇ.

ಕೀನ್ಯಾದ ಪತ್ರಿಕಾ ಲೋಕದಲ್ಲಿ ನನ್ನನ್ನು ಬಹುವಾಗಿ ಕಾಡುವ ವ್ಯಕ್ತಿ ಹೆನ್ರಿ ಮುಓರಿಯಾ. ಅವರು ರೈಲಿನಲ್ಲಿ ಗಾರ್ಡ್ ಆಗಿದ್ದವರು. ಬರವಣಿಗೆಯನ್ನು ಸ್ವಂತ ಆಸಕ್ತಿಯಿಂದ ಕಲಿತು, 1945ರಲ್ಲಿ 'ಮುಮೆನ್ಯೆರೆರಿ' ಎಂಬ ಗಿಕುಯು ಪತ್ರಿಕೆ ಪ್ರಾರಂಭಿಸಿದರು. ಸಭೆಗಳ ವರದಿ, ಕೆನ್ಯಾಟಾ ಅವರ ಭಾಷಣಗಳು, ಸ್ವಾವಲಂಬನೆಯ ಬಗ್ಗೆ ಸಂಪಾದಕರದೇ ದೀರ್ಘ ಲೇಖನಗಳು ಅದರಲ್ಲಿದ್ದವು. ಓದು ಬಾರದವರಿಗೆ ಓದು ಬಲ್ಲವರು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. 1952ರ ಅಕ್ಟೋಬರಿನಲ್ಲಿ ಬ್ರಿಟಿಷರು ತುರ್ತುಪರಿಸ್ಥಿತಿ ಘೋಷಿಸಿದಾಗ ಮುಓರಿಯಾ ಲಂಡನ್ನಿನಲ್ಲಿದ್ದರು. ಪತ್ರಿಕೆ ನಿಷೇಧವಾಯಿತು. ಅವರು ಮರಳಿ ಊರಲ್ಲಿ ನೆಲೆಸಲಾಗಲಿಲ್ಲ. ಹೊಟ್ಟೆಪಾಡಿಗೆ ಲಂಡನ್ನಿನ ನೆಲದಡಿಯ ರೈಲಿನಲ್ಲಿ ಮತ್ತೆ ಗಾರ್ಡ್ ಆದರು. 1963ರಲ್ಲಿ ಕೀನ್ಯಾ ಸ್ವತಂತ್ರವಾದ ಮೇಲೂ, ತಾವು ಯಾರ ಭಾಷಣಗಳನ್ನು ಅಚ್ಚುಮಾಡಿ ಮನೆಮನೆಗೆ ತಲುಪಿಸಿದ್ದರೋ ಆ ಕೆನ್ಯಾಟಾ ಅಧ್ಯಕ್ಷರಾದ ಮೇಲೂ, ಅವರ ಬಾಳು ಲಂಡನ್ನಿನಲ್ಲೇ ಕಳೆಯಿತು. ಪತ್ರಿಕೆ ನಡೆಸಿದವರಿಗೆ ಸ್ವತಂತ್ರ ದೇಶಗಳು ಏನು ಕೊಟ್ಟವು ಎಂಬ ಪ್ರಶ್ನೆ ಇಲ್ಲಿಂದಲೇ ಶುರುವಾಗುತ್ತದೆ.

ಫ್ರೆಂಚರ ವಸಾಹತುಗಳ ಕತೆ ಬೇರೆ ಬಗೆಯದು. ಅಲ್ಲಿಯ ಚಿಂತನೆ ಬೆಳೆದದ್ದು ಆಳುವವರ ರಾಜಧಾನಿಯಲ್ಲಿ. ಡಾಕಾರ್‌ನಲ್ಲಿ ಅಧಿಕಾರಿಗಳ ಕಣ್ಣು ತಪ್ಪಿಸಿ ಅಚ್ಚುಮಾಡಬೇಕಾದದ್ದನ್ನು ಪ್ಯಾರಿಸ್ಸಿನಲ್ಲಿ ರಾಜಾರೋಷವಾಗಿ ಮಾರಬಹುದಿತ್ತು. ಸೆನೆಗಲ್, ಮಾರ್ಟಿನಿಕ್, ಹೈಟಿ, ಮಡಗಾಸ್ಕರ್‌ಗಳ ವಿದ್ಯಾರ್ಥಿಗಳು ಮೊದಲ ಬಾರಿಗೆ ಒಬ್ಬರನ್ನೊಬ್ಬರು ಕಂಡದ್ದೂ ಅಲ್ಲಿಯೇ.

1947ರ ಕೊನೆಯಲ್ಲಿ ಸೆನೆಗಲ್‌ನ ಅಲಿಯೂನ್ ಡಿಯೊಪ್ 'ಪ್ರೆಸಾನ್ಸ್ ಆಫ್ರಿಕೇನ್' ಪತ್ರಿಕೆಯನ್ನು ಪ್ಯಾರಿಸ್ ಮತ್ತು ಡಾಕಾರ್‌ಗಳಲ್ಲಿ ಒಟ್ಟಿಗೆ ಹೊರತಂದರು. ಆಂದ್ರೆ ಜೀದ್, ಸಾರ್ತ್ರ್, ಕಾಮು ಬೆಂಬಲಕ್ಕೆ ನಿಂತರು. ಕವಿಗಳಾದ ಸೆಂಗೋರ್, ಸೆಝೇರ್, ಅಮೆರಿಕದ ಕಾದಂಬರಿಕಾರ ರಿಚರ್ಡ್ ರೈಟ್ ಜೊತೆಗಿದ್ದರು. ಡಿಯೊಪ್ ಸ್ವತಃ ಹೆಚ್ಚು ಬರೆದವರಲ್ಲ. ಬೇರೆಯವರಿಂದ ಬರೆಸುವುದು, ಪರಸ್ಪರ ಒಪ್ಪದವರನ್ನು ಒಂದೇ ಹೊದಿಕೆಯೊಳಗೆ ಕೂರಿಸುವುದು, ಅವರು ಮುನಿಸಿಕೊಂಡು ಎದ್ದುಹೋಗದಂತೆ ನೋಡಿಕೊಳ್ಳುವುದು ಅವರ ಕಸುಬಾಗಿತ್ತು. ಸಂಪಾದಕ ಎಂಬ ಪದವಿಗೆ ಇದಕ್ಕಿಂತ ದೊಡ್ಡ ಅರ್ಹತೆ ನನಗೆ ತಿಳಿಯದು. ಪತ್ರಿಕೆ ಯಾವ ಒಂದು ಸಿದ್ಧಾಂತಕ್ಕೂ ಅಡಿಯಾಳಲ್ಲ ಎಂದು ಅವರು ಮೊದಲ ಸಂಚಿಕೆಯಲ್ಲೇ ಹೇಳಿದರು, ಹಾಗೆಯೇ ನಡೆದುಕೊಂಡರು.

ಒಳಜಗಳಗಳೇ ಈ ಪತ್ರಿಕೆಯ ಜೀವ. ಕಮಾರಾ ಲಾಯೆ ತಮ್ಮ ಬಾಲ್ಯದ ಗಿನಿಯನ್ನು ಕುರಿತು ಬರೆದ ಕಾದಂಬರಿಯನ್ನು ಫ್ರಾನ್ಸ್ ಹೊಗಳುತ್ತಿದ್ದಾಗ ಕ್ಯಾಮರೂನ್‌ನ ಮೊಂಗೊ ಬೇಟಿ ಅದನ್ನು ಇದೇ ಪುಟಗಳಲ್ಲಿ ನಿಷ್ಠುರವಾಗಿ ಟೀಕಿಸಿದರು. ಅಪ್ಪನ ಕುಲುಮೆ, ಅಮ್ಮನ ಮಮತೆ ಎಲ್ಲ ಇದೆ, ಆಳುವವನ ಕ್ರೌರ್ಯ ಎಲ್ಲಿ ಎಂಬುದು ಅವರ ಆಕ್ಷೇಪದ ತಿರುಳು. ಕಾದಂಬರಿಯ ಬಗ್ಗೆ ಬೇಟಿ ಅನ್ಯಾಯವಾಗಿ ನಡೆದುಕೊಂಡರು ಎಂದೇ ನನಗೆ ಅನ್ನಿಸುತ್ತದೆ. ಬಾಲ್ಯವನ್ನು ಬರೆಯುವ ಹಕ್ಕು ಗುಲಾಮ ದೇಶದ ಲೇಖಕನಿಗೂ ಇದೆ. ಆದರೆ ಆ ಪ್ರಶ್ನೆ ಎದ್ದದ್ದರಿಂದ ಮುಂದಿನ ಆಫ್ರಿಕನ್ ಕಾದಂಬರಿಗೆ ಒಳ್ಳೆಯದೇ ಆಯಿತು. ಅದೇ ಕಾಲದಲ್ಲಿ ಹೈಟಿಯ ರೆನೆ ದೆಪೆಸ್ತ್ರ್, ಫ್ರೆಂಚ್ ಕಮ್ಯುನಿಸ್ಟ್ ಕವಿ ಅರಾಗೊನ್ ಅವರ ಕರೆಗೆ ಓಗೊಟ್ಟು ಫ್ರೆಂಚರ ಸಾಂಪ್ರದಾಯಿಕ ಛಂದಸ್ಸಿನ ಕಡೆ ವಾಲಿದಾಗ ಸೆಝೇರ್ ಕವಿತೆಯ ರೂಪದಲ್ಲೇ ಉತ್ತರ ಕೊಟ್ಟರು. ಛಂದಸ್ಸಿನ ಬಗೆಗಿನ ಜಗಳ ರಾಜಕೀಯದ ಜಗಳವೂ ಆಗಿತ್ತು. ಪಕ್ಷವೊಂದು ಪ್ಯಾರಿಸ್ಸಿನಿಂದ ಕೊಟ್ಟ ಕಾವ್ಯಸೂತ್ರವನ್ನು ಕೆರಿಬಿಯನ್ ಕವಿ ಪಾಲಿಸಬೇಕೇ? 1956ರಲ್ಲಿ ಸೆಝೇರ್ ಫ್ರೆಂಚ್ ಕಮ್ಯುನಿಸ್ಟ್ ಪಕ್ಷವನ್ನೇ ತೊರೆದರು.

1956ರ ಸೆಪ್ಟೆಂಬರಿನಲ್ಲಿ ಪತ್ರಿಕೆ ತನ್ನ ಪುಟಗಳನ್ನು ದಾಟಿ ಸಭಾಂಗಣಕ್ಕೆ ಬಂತು. ಪ್ಯಾರಿಸ್ಸಿನ ಸೊರ್ಬಾನ್‌ನಲ್ಲಿ ಕಪ್ಪು ಲೇಖಕರ ಮತ್ತು ಕಲಾವಿದರ ಮೊದಲ ಸಮ್ಮೇಳನ ನಡೆಯಿತು. ಭಿತ್ತಿಪತ್ರಕ್ಕೆ ಚಿತ್ರ ಬರೆದವರು ಪಿಕಾಸೊ. ಫ್ಯಾನನ್ ಅಲ್ಲಿ ಜನಾಂಗಭೇದ ಮತ್ತು ಸಂಸ್ಕೃತಿಯ ಬಗ್ಗೆ ಮಾತಾಡಿದರು. ಸೆಝೇರ್ ಅಮೆರಿಕದ ಕಪ್ಪು ಜನರ ಸ್ಥಿತಿಯನ್ನೂ ವಸಾಹತು ಸ್ಥಿತಿಗೆ ಹೋಲಿಸಿದಾಗ ಅಮೆರಿಕದ ಪ್ರತಿನಿಧಿಗಳು ಸಿಡಿದೆದ್ದರು. ಅಮೆರಿಕದ ಹಿರಿಯ ಕಪ್ಪು ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರಿಗೆ ಅವರ ಸರ್ಕಾರ ಪಾಸ್‌ಪೋರ್ಟ್ ಕೊಟ್ಟಿರಲಿಲ್ಲ. ಅವರು ಕಳಿಸಿದ ಸಂದೇಶವನ್ನು ಸಭೆಯಲ್ಲಿ ಓದಲಾಯಿತು. ಇಂದು ವಿದೇಶಕ್ಕೆ ಬರಲು ಅನುಮತಿ ಸಿಕ್ಕಿರುವ ಅಮೆರಿಕನ್ ಕಪ್ಪು ಪ್ರತಿನಿಧಿ ತನ್ನ ಸರ್ಕಾರಕ್ಕೆ ಬೇಕಾದದ್ದನ್ನೇ ಹೇಳಬೇಕಾಗುತ್ತದೆ ಎಂಬ ಅರ್ಥದ ಮಾತು ಅದರಲ್ಲಿತ್ತು. ಅಲ್ಲಿ ಕೂತಿದ್ದ ಅಮೆರಿಕನ್ನರಿಗೆ ಎಷ್ಟು ಇರಿಸುಮುರಿಸಾಗಿರಬೇಕು ಯೋಚಿಸಿ. ಈ ಎಲ್ಲ ಗದ್ದಲವನ್ನೂ ಡಿಯೊಪ್ ಮುಚ್ಚಿಡದೆ ವಿಶೇಷ ಸಂಚಿಕೆಯಲ್ಲಿ ಅಚ್ಚುಮಾಡಿದರು.

ಆ ವೇದಿಕೆಯಲ್ಲಿ ಹೆಂಗಸರಿರಲಿಲ್ಲ. ಈ ಕೊರತೆಯನ್ನು ಸಮ್ಮೇಳನದಲ್ಲಿ ರಿಚರ್ಡ್ ರೈಟ್ ಅವರೇ ಎತ್ತಿ ಹೇಳಿದರು. ಇನ್ನೂ ಹಿಂದಕ್ಕೆ ಹೋದರೆ ಅನ್ಯಾಯ ಇನ್ನಷ್ಟು ಸ್ಪಷ್ಟವಾಗುತ್ತದೆ. 1931–32ರಲ್ಲಿ ಮಾರ್ಟಿನಿಕ್‌ನ ಪೋಲೆಟ್ ನಾರ್ದಾಲ್ ಮತ್ತು ಅವರ ಸೋದರಿಯರ ಶ್ರಮದಿಂದ ಪ್ಯಾರಿಸ್ಸಿನಲ್ಲಿ 'ಲಾ ರೆವ್ಯೂ ದ್ಯು ಮೋಂದ್ ನ್ವಾರ್' ಎಂಬ ಪತ್ರಿಕೆ ಫ್ರೆಂಚ್ ಮತ್ತು ಇಂಗ್ಲಿಷ್ ಎರಡರಲ್ಲೂ ಬಂತು. ಆಫ್ರಿಕಾ, ಕೆರಿಬಿಯನ್, ಅಮೆರಿಕದ ಕಪ್ಪು ಜನರನ್ನು ಒಂದೇ ಓದುಗ ಬಳಗವಾಗಿ ಕಂಡ ಪತ್ರಿಕೆ ಅದು. ಅವರ ಮನೆಯ ಚಾವಡಿಯಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನ ಲೇಖಕರಿಗೂ ಆಫ್ರಿಕಾದ ವಿದ್ಯಾರ್ಥಿಗಳಿಗೂ ಪರಿಚಯ ಬೆಳೆಯಿತು. ಕೆಲವೇ ವರ್ಷಗಳಲ್ಲಿ ಸೆಝೇರ್, ಸೆಂಗೋರ್, ದಮಾಸ್ ಕಪ್ಪುತನವನ್ನು ಹೆಮ್ಮೆಯಿಂದ ಅಪ್ಪಿಕೊಳ್ಳುವ, 'ನೆಗ್ರಿಟ್ಯೂಡ್' ಎಂದು ಹೆಸರಾದ ವಿಚಾರವನ್ನು ಮುಂದಿಟ್ಟರು. ಪಠ್ಯಪುಸ್ತಕಗಳಲ್ಲಿ ಉಳಿದದ್ದು ಆ ಮೂವರ ಹೆಸರು. ತಾವು ಹಾಕಿದ ದಾರಿಯನ್ನು ಯಾರೂ ನೆನೆಯಲಿಲ್ಲವೆಂದು ಪೋಲೆಟ್ ನಾರ್ದಾಲ್ ಮುಂದೆ ನೊಂದು ನುಡಿದದ್ದು ನ್ಯಾಯವಾಗಿಯೇ ಇದೆ.

ಕಲೆಯ ವಿಷಯಕ್ಕೆ ಬರೋಣ. ಆಫ್ರಿಕಾದ ಶಿಲ್ಪಗಳು ಆ ಕಾಲಕ್ಕೆ ಯೂರೋಪಿನ ವಸ್ತುಸಂಗ್ರಹಾಲಯಗಳ ಗಾಜಿನ ಪೆಟ್ಟಿಗೆಗಳಲ್ಲಿ, ಕೆತ್ತಿದವರ ಹೆಸರಿಲ್ಲದೆ ಕೂತಿದ್ದವು. 'ಪ್ರೆಸಾನ್ಸ್ ಆಫ್ರಿಕೇನ್' ಆಲೆನ್ ರೆನೆ ಮತ್ತು ಕ್ರಿಸ್ ಮಾರ್ಕರ್ ಅವರಿಂದ ಈ ಶಿಲ್ಪಗಳ ಬಗ್ಗೆ ಒಂದು ಚಲನಚಿತ್ರ ಮಾಡಿಸಿತು. 1953ರ ಆ ಚಿತ್ರ ಆರಾಧನೆಯ ವಸ್ತುಗಳು ಪ್ರವಾಸಿಗರಿಗೆ ಮಾರುವ ಗೊಂಬೆಗಳಾದ ಬಗೆಯನ್ನು ತೋರಿಸಿ, ಅದಕ್ಕೆ ವಸಾಹತು ಆಳ್ವಿಕೆಯೇ ಕಾರಣವೆಂದು ಹೇಳಿತು. ಫ್ರೆಂಚ್ ಸರ್ಕಾರ ಚಿತ್ರದ ಉತ್ತರಾರ್ಧವನ್ನು ವರ್ಷಗಟ್ಟಲೆ ತಡೆಹಿಡಿಯಿತು. ಶಿಲ್ಪದ ಸೌಂದರ್ಯವನ್ನು ಹೊಗಳಿದ್ದಕ್ಕೆ ಯಾರೂ ಅಡ್ಡಿಪಡಿಸಲಿಲ್ಲ, ಅದು ಅಲ್ಲಿಗೆ ಹೇಗೆ ಬಂತು ಎಂದು ಕೇಳಿದ್ದಕ್ಕೆ ಕತ್ತರಿ ಬಿತ್ತು.

ಸಮಕಾಲೀನ ಚಿತ್ರಕಾರರಿಗೆ ನೆಲೆ ಕೊಟ್ಟದ್ದು ನೈಜೀರಿಯಾದ 'ಬ್ಲ್ಯಾಕ್ ಆರ್ಫಿಯಸ್'. ಪ್ಯಾರಿಸ್ ಸಮ್ಮೇಳನವನ್ನು ಕಂಡು ಬಂದ, ಜರ್ಮನಿ ಮೂಲದ ಉಲ್ಲಿ ಬಯರ್ 1957ರಲ್ಲಿ ಅದನ್ನು ಆರಂಭಿಸಿದರು. ಹೊದಿಕೆಗಳಿಗೆ ಕಲಾವಿದೆ ಸುಸಾನೆ ವೆಂಗರ್ ಚಿತ್ರ ಬರೆದರು. ಲಾಗೋಸಿನ ಚಿತ್ರಕಾರನಿಗೆ ಖಾರ್ಟೂಮಿನಲ್ಲಿ ಏನು ನಡೆಯುತ್ತಿದೆಯೆಂದು ತಿಳಿಯುವ ದಾರಿಯೇ ಇರದಿದ್ದ ಕಾಲದಲ್ಲಿ ಸುಡಾನಿನ ಇಬ್ರಾಹಿಂ ಎಲ್-ಸಲಾಹಿ, ಮೊಜಾಂಬಿಕ್‌ನ ಮಲಂಗತಾನ ಅವರ ಕೃತಿಗಳು ಈ ಪತ್ರಿಕೆಯಲ್ಲಿ ಒಟ್ಟಿಗೆ ಕಂಡವು. ಗೋವಾ ಮೂಲದ ಎಫ್.ಎನ್. ಸೋಜಾ ಅವರ ಚಿತ್ರಕಲೆಗೂ ಅಲ್ಲಿ ಜಾಗ ಸಿಕ್ಕಿತ್ತು. ನೈಜೀರಿಯಾದ ಬಿಯಾಫ್ರಾ ಯುದ್ಧದಲ್ಲಿ 1967ರಲ್ಲಿ ಮಡಿದ ಕವಿ ಕ್ರಿಸ್ಟೊಫರ್ ಒಕಿಗ್ಬೊ ಅವರ ಕೊನೆಯ ಕವಿತೆಗಳು ಬೆಳಕು ಕಂಡದ್ದೂ ಈ ಪತ್ರಿಕೆಯಲ್ಲಿ, ಅವರು ತೀರಿಕೊಂಡ ಮರುವರ್ಷ.

ಇನ್ನು ಕಂಪಾಲಾ. ಉಗಾಂಡಾ ಸ್ವತಂತ್ರವಾಗುವ ಒಂದು ವರ್ಷ ಮೊದಲು, 1961ರಲ್ಲಿ, ಅಲ್ಲೇ ಹುಟ್ಟಿ ಬೆಳೆದ ಬಂಗಾಳಿ ತರುಣ ರಜತ್ ನಿಯೋಗಿ 'ಟ್ರಾನ್ಸಿಷನ್' ಆರಂಭಿಸಿದರು. ಆಗ ಅವರ ವಯಸ್ಸು ಇಪ್ಪತ್ತಮೂರರ ಆಸುಪಾಸು. ಕನ್ನಡದ ಓದುಗರಿಗೆ ಈ ಪತ್ರಿಕೆಯ ಒಂದು ಚರ್ಚೆ ತೀರ ಹತ್ತಿರದ್ದು. 1962ರಲ್ಲಿ ಕಂಪಾಲಾದ ಮಕೆರೆರೆ ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಬರೆಯುವ ಆಫ್ರಿಕನ್ ಲೇಖಕರ ಸಮ್ಮೇಳನ ನಡೆದಿತ್ತು. ಮರುವರ್ಷ ಒಬಿ ವಾಲಿ ಎಂಬ ನೈಜೀರಿಯಾದ ವಿಮರ್ಶಕ 'ಟ್ರಾನ್ಸಿಷನ್'ನಲ್ಲಿ ಒಂದು ಪುಟ್ಟ ಲೇಖನ ಬರೆದು, ಯೂರೋಪಿನ ಭಾಷೆಗಳಲ್ಲಿ ಬರೆಯುತ್ತಾ ಹೋದರೆ ಆಫ್ರಿಕನ್ ಸಾಹಿತ್ಯ ಮುಂದೆ ದಾರಿಯಿಲ್ಲದ ಗೋಡೆಗೆ ಹೋಗಿ ಮುಟ್ಟುತ್ತದೆ ಎಂದರು. ಆಫ್ರಿಕನ್ ಭಾಷೆಗಳಲ್ಲಿ ಬರೆಯುವವರನ್ನು ಹೊರಗಿಟ್ಟು ಆಫ್ರಿಕನ್ ಸಾಹಿತ್ಯದ ಬಗ್ಗೆ ತೀರ್ಮಾನ ಮಾಡುವುದೇ ಅಸಂಬದ್ಧ ಎಂಬುದು ಅವರ ವಾದ. ಸೋಯಿಂಕಾ, ದಕ್ಷಿಣ ಆಫ್ರಿಕಾದ ಎಂಫಹ್ಲೆಲೆ ಮುಂತಾದವರು ಮುಂದಿನ ಸಂಚಿಕೆಯಲ್ಲೇ ಎದುರುತ್ತರ ಕೊಟ್ಟರು. ಇಂಗ್ಲಿಷನ್ನು ಆಫ್ರಿಕಾದ ಅನುಭವಕ್ಕೆ ಬಗ್ಗಿಸಿಕೊಳ್ಳಬಹುದು ಎಂಬ ಅಚಿಬೆ ಅವರ ಪ್ರಸಿದ್ಧ ಭಾಷಣ 1965ರಲ್ಲಿ ಇದೇ ಪತ್ರಿಕೆಯಲ್ಲಿ ಅಚ್ಚಾಯಿತು. ಮಕೆರೆರೆ ಸಮ್ಮೇಳನದಲ್ಲಿ ವಿದ್ಯಾರ್ಥಿಯಾಗಿ ಭಾಗವಹಿಸಿದ್ದ ಗೂಗಿ ವಾ ಥಿಯಾಂಗೊ ಮುಂದೆ ಇಂಗ್ಲಿಷ್ ಕಾದಂಬರಿಗಳನ್ನು ನಿಲ್ಲಿಸಿ ಗಿಕುಯುಗೆ ಮರಳಿದರು. 1986ರ ತಮ್ಮ ಪುಸ್ತಕದಲ್ಲಿ ವಾಲಿಯ ಮಾತನ್ನು ನೆನೆದರು. ಎರಡು ದಶಕ ಕಳೆದ ಮೇಲೂ ಒಬ್ಬ ದೊಡ್ಡ ಲೇಖಕ ನೆನೆಯುವಷ್ಟು ಕಸುವು ಕೆಲವೇ ಪುಟಗಳ ಆ ಲೇಖನಕ್ಕಿತ್ತು. ಈ ವಿಷಯದಲ್ಲಿ ನಾನು ಒಬಿ ವಾಲಿಯ ಪಕ್ಷ.

ಈಗ ಹಣದ ವಿಚಾರ. ಇದನ್ನು ಮುಚ್ಚಿಟ್ಟು ಮಾತಾಡುವುದು ಸರಿಯಲ್ಲ. 'ಟ್ರಾನ್ಸಿಷನ್', 'ಬ್ಲ್ಯಾಕ್ ಆರ್ಫಿಯಸ್' ಎರಡಕ್ಕೂ ಪ್ಯಾರಿಸ್ಸಿನ ಕಾಂಗ್ರೆಸ್ ಫಾರ್ ಕಲ್ಚರಲ್ ಫ್ರೀಡಂ ಎಂಬ ಸಂಸ್ಥೆಯ ನೆರವು ಬರುತ್ತಿತ್ತು. ಅದರ ಹಣದ ಮೂಲ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಎಂಬುದು 1966–67ರಲ್ಲಿ ಹೊರಬಿತ್ತು. ನಮ್ಮ ಮುಂಬಯಿಯ 'ಕ್ವೆಸ್ಟ್' ಕೂಡ ಅದೇ ಸಂಸ್ಥೆಯ ಭಾರತೀಯ ಶಾಖೆಯದಾಗಿತ್ತು. ನಿಯೋಗಿಗೆ ಇದು ತೀವ್ರ ಆಘಾತ. 'ಟ್ರಾನ್ಸಿಷನ್'ನ ಸಂಚಿಕೆಗಳನ್ನು ಓದಿದವರಿಗೆ ಅಲ್ಲಿ ಯಾರೋ ಹೇಳಿಕೊಟ್ಟ ದನಿ ಕೇಳಿಸುವುದಿಲ್ಲ. ಒಬಿ ವಾಲಿಯ ಲೇಖನವನ್ನಾಗಲಿ, ಎನ್‌ಕ್ರುಮಾ ಘಾನಾದ ಅಧಿಕಾರ ಕಳೆದುಕೊಂಡ ಬೆನ್ನಲ್ಲೇ ಅವರನ್ನು ಲೆನಿನ್ನನ ಹಾದಿಯ ಜಾರ್ ದೊರೆಯೆಂದು ಕರೆದ ಅಲಿ ಮಜ್ರೂಯಿ ಲೇಖನವನ್ನಾಗಲಿ, ಅದಕ್ಕೆ ಬಂದ ಕೆಂಡದಂಥ ಪತ್ರಗಳನ್ನಾಗಲಿ ಅಮೆರಿಕ ಬರೆಸಿತು ಎನ್ನಲಾಗದು. ಆದರೂ ಓದುಗರಿಗೆ ಗೊತ್ತಿಲ್ಲದ ಕೈ ಹಣ ಕೊಡುತ್ತಿದ್ದರೆ ಆ ಓದುಗರಿಗೆ ದ್ರೋಹವಾದಂತೆಯೇ. ಎದುರು ಬಣದಲ್ಲೂ ಸ್ಥಿತಿ ಭಿನ್ನವಾಗಿರಲಿಲ್ಲ. 1968ರಿಂದ ಕೈರೋದಲ್ಲಿ ಆಫ್ರೋ-ಏಷ್ಯನ್ ಲೇಖಕರ ಸಂಘ ಮೂರು ಭಾಷೆಗಳಲ್ಲಿ ತಂದ, ಮುಂದೆ 'ಲೋಟಸ್' ಎಂದು ಹೆಸರಾದ ತ್ರೈಮಾಸಿಕ ಈಜಿಪ್ಟ್, ಸೋವಿಯೆತ್ ಒಕ್ಕೂಟ ಮತ್ತು ಪೂರ್ವ ಜರ್ಮನಿಗಳ ಬೆಂಬಲದಿಂದ ನಡೆಯುತ್ತಿತ್ತು. ಉರ್ದು ಕವಿ ಫೈಜ್ ಅಹಮದ್ ಫೈಜ್ ಬೈರುತ್‌ನಲ್ಲಿ ಕೂತು ಅದನ್ನು ಸಂಪಾದಿಸಿದ್ದು ಆ ಪತ್ರಿಕೆಯ ಪುಣ್ಯ.

ಸ್ವಾತಂತ್ರ್ಯ ಬಂದ ಮೇಲೆ ಏನಾಯಿತು? 1968ರಲ್ಲಿ ಅಬು ಮಯಾಂಜಾ ಎಂಬ ಸಂಸದರು ಉಗಾಂಡಾದ ಅಧ್ಯಕ್ಷ ಒಬೊಟೆ ಅವರ ಸರ್ಕಾರವನ್ನು ಟೀಕಿಸಿ ಬರೆದದ್ದನ್ನು ನಿಯೋಗಿ ಪ್ರಕಟಿಸಿದರು. ಅಕ್ಟೋಬರಿನಲ್ಲಿ ಇಬ್ಬರನ್ನೂ ಬಂಧಿಸಲಾಯಿತು. ನ್ಯಾಯಾಲಯ ರಾಜದ್ರೋಹದ ಆಪಾದನೆಯಿಂದ ಬಿಡುಗಡೆ ಮಾಡಿದರೂ ಸರ್ಕಾರ ಬಿಡಲಿಲ್ಲ. ನಿಯೋಗಿ ಹೊರಬಂದದ್ದು 1969ರ ಮಾರ್ಚಿನಲ್ಲಿ. ಬ್ರಿಟಿಷರು ನೈರೋಬಿಯ ಗಿರಿಧಾರಿಲಾಲ್ ವಿದ್ಯಾರ್ಥಿಯವರ ಮೇಲೆ ಹೂಡಿದ್ದ ಅದೇ ರಾಜದ್ರೋಹದ ಆಪಾದನೆಯನ್ನು ಸ್ವತಂತ್ರ ಉಗಾಂಡಾ ನಿಯೋಗಿಯ ಮೇಲೆ ಹೂಡಿತು. ಅವರು ಪತ್ರಿಕೆಯೊಂದಿಗೆ ಘಾನಾಕ್ಕೆ ಹೋದರು. ಕೆಲಕಾಲದ ನಂತರ ಅದನ್ನು ಸೋಯಿಂಕಾ ಅವರ ಕೈಗಿತ್ತರು. ಜೈಲು ಅವರನ್ನು ಒಳಗಿನಿಂದ ಮುರಿದಿತ್ತು. 1995ರಲ್ಲಿ ಅಮೆರಿಕದಲ್ಲಿ ತೀರಿಕೊಂಡರು.

ಮೊರಾಕ್ಕೊದ ಕತೆ ಇನ್ನೂ ಕಠೋರ. ಅದನ್ನು ಕೊನೆಗೆ ಉಳಿಸಿಕೊಂಡಿದ್ದೇನೆ, ಏಕೆಂದರೆ ಈ ಎಲ್ಲ ಪತ್ರಿಕೆಗಳಲ್ಲಿ ನನಗೆ ಅತ್ಯಂತ ಧೀರವಾಗಿ ಕಾಣುವುದು ರಬಾತ್‌ನ 'ಸೂಫ್ಲ್'. 1966ರಲ್ಲಿ ಶಾಲಾ ಅಧ್ಯಾಪಕರಾಗಿದ್ದ ಕವಿ ಅಬ್ದೆಲ್ಲತೀಫ್ ಲಾಬಿ ಗೆಳೆಯರೊಡನೆ ಅದನ್ನು ಹುಟ್ಟುಹಾಕಿದರು. ದೇಶ ಸ್ವತಂತ್ರವಾಗಿ ಹತ್ತು ವರ್ಷವಾಗಿತ್ತು. ಫ್ರೆಂಚರು ಹೋದರೂ ಮನಸ್ಸಿನೊಳಗಿನ ವಸಾಹತು ಹೋಗಿಲ್ಲ, ಹಳೆಯ ಸಂಸ್ಕೃತಿಯನ್ನು ಪ್ರವಾಸಿಗರ ಪ್ರದರ್ಶನಕ್ಕಿಟ್ಟರೆ ಅದು ವಿಮೋಚನೆಯಾಗದು ಎಂಬ ಹಠ ಅವರದು. ಚಿತ್ರಕಾರ ಮೊಹಮ್ಮದ್ ಮೆಲೆಹಿ ರೂಪಿಸಿದ ಹೊದಿಕೆಯ ಮೇಲೆ ಕಪ್ಪು ಸೂರ್ಯನಂಥ ದುಂಡು ಆಕಾರವಿತ್ತು; ಸಂಚಿಕೆಯಿಂದ ಸಂಚಿಕೆಗೆ ಬಣ್ಣ ಬದಲಾಗುತ್ತಿತ್ತು. 1967ರಲ್ಲಿ ಇಡೀ ಜೋಡಿ ಸಂಚಿಕೆಯನ್ನು ಚಿತ್ರಕಲೆಗೆ ಮೀಸಲಿಟ್ಟು, ಕಲಾವಿದರಿಗೇ ಪ್ರಶ್ನೆಗಳನ್ನು ಕಳಿಸಿ ಅವರ ಉತ್ತರಗಳನ್ನು ಅಚ್ಚುಮಾಡಿದರು. ಚಿತ್ರಕಾರ ತನ್ನ ಕಲೆಯ ಬಗ್ಗೆ ತಾನೇ ಮಾತಾಡಬೇಕು, ಯೂರೋಪಿನ ಪರಿಣತ ಅವನ ಪರವಾಗಿ ಮಾತಾಡುವ ಕಾಲ ಮುಗಿಯಿತು ಎಂಬ ಘೋಷಣೆ ಅದು. 1969ರಲ್ಲಿ ಮೆಲೆಹಿ, ಫರೀದ್ ಬೆಲ್ಕಾಹಿಯಾ, ಮೊಹಮ್ಮದ್ ಷಬಾ ಮತ್ತು ಇನ್ನೂ ಮೂವರು ಸರ್ಕಾರಿ ಕಲಾಮೇಳವನ್ನು ಧಿಕ್ಕರಿಸಿ ತಮ್ಮ ಚಿತ್ರಗಳನ್ನು ಮರ್ರಾಕೆಷ್‌ನ ಜೆಮಾ ಎಲ್-ಫ್ನಾ ಚೌಕದಲ್ಲಿ, ಬಿಸಿಲಿನಲ್ಲಿ, ಕತೆ ಹೇಳುವವರ ಮತ್ತು ಹಣ್ಣು ಮಾರುವವರ ನಡುವೆ ತೂಗುಹಾಕಿದರು. ಜನ ಬಂದು ನೋಡಿದರು, ಪ್ರಶ್ನೆ ಕೇಳಿದರು.

ಅದೇ ವರ್ಷ 'ಸೂಫ್ಲ್' ಪ್ಯಾಲೆಸ್ತೀನಿನ ಬಗ್ಗೆ ವಿಶೇಷ ಸಂಚಿಕೆ ತಂದಿತು, ನಂತರ ನೇರ ರಾಜಕೀಯಕ್ಕೆ ಇಳಿಯಿತು, 1971ರಲ್ಲಿ 'ಅನ್ಫಾಸ್' ಎಂಬ ಅರಬ್ಬಿ ಪತ್ರಿಕೆಯನ್ನೂ ಆರಂಭಿಸಿತು. ಕವಿತೆಗಳು ಕಡಿಮೆಯಾದವು, ಕೆಲವು ಕವಿಗಳು ದೂರವಾದರು. ಅದು ಕಾವ್ಯಕ್ಕೆ ನಷ್ಟವೇ. 1972ರ ಜನವರಿಯಲ್ಲಿ ಲಾಬಿಯನ್ನು ಬಂಧಿಸಿ ಚಿತ್ರಹಿಂಸೆ ಕೊಟ್ಟರು, ಪತ್ರಿಕೆಯನ್ನು ನಿಷೇಧಿಸಿದರು. ಹತ್ತು ವರ್ಷದ ಶಿಕ್ಷೆ ಆಯಿತು. ಎಂಟು ವರ್ಷ ಕಳೆದು 1980ರಲ್ಲಿ ಅವರು ಬಿಡುಗಡೆಯಾದರು. ಜೊತೆಗಾರ ಅಬ್ರಹಾಂ ಸೆರ್ಫಾತಿ ಹೊರಬಂದದ್ದು 1991ರಲ್ಲಿ. ಇಪ್ಪತ್ತೆರಡು ಸಂಚಿಕೆಗಳ ಒಂದು ಪತ್ರಿಕೆಗೆ ಒಂದು ರಾಜ್ಯ ಇಷ್ಟು ಹೆದರಿತು.

ಇಲ್ಲಿರುವ ವಿದ್ಯಾರ್ಥಿಗಳಲ್ಲಿ, ಅನುವಾದಕರಲ್ಲಿ ನನ್ನದೊಂದು ಕೋರಿಕೆ. 'ಸೂಫ್ಲ್'ನ ಸಂಚಿಕೆಗಳು ಈಗ ಅಂತರ್ಜಾಲದಲ್ಲಿ ಓದಲು ಸಿಗುತ್ತವೆ. 'ಪ್ರೆಸಾನ್ಸ್ ಆಫ್ರಿಕೇನ್' ಇಂದಿಗೂ ಪ್ಯಾರಿಸ್ಸಿನಲ್ಲಿದೆ. 'ಟ್ರಾನ್ಸಿಷನ್' ಅಮೆರಿಕದ ಹಾರ್ವರ್ಡ್‌ನಿಂದ ಹೊರಬರುತ್ತಿದೆ. ಈ ಪತ್ರಿಕೆಗಳ ಆಯ್ದ ಬರಹಗಳು ಕನ್ನಡದಲ್ಲಿ ಒಂದು ಸಂಪುಟವಾಗಿ ಬರಬೇಕು. ಲೇಖನಗಳನ್ನು ಬಿಡಿಬಿಡಿಯಾಗಿ ಆರಿಸಬೇಡಿ. ಒಬಿ ವಾಲಿಯ ಪಕ್ಕದಲ್ಲಿ ಅವರಿಗೆ ಸಿಟ್ಟಿನಿಂದ ಉತ್ತರಿಸಿದವರನ್ನೂ, ಕಮಾರಾ ಲಾಯೆಯ ಪಕ್ಕದಲ್ಲಿ ಮೊಂಗೊ ಬೇಟಿಯನ್ನೂ, ಸೆಝೇರ್ ಭಾಷಣದ ಪಕ್ಕದಲ್ಲಿ ಅಮೆರಿಕನ್ನರ ಆಕ್ಷೇಪವನ್ನೂ ಅಚ್ಚುಮಾಡಿ. ಪೋಲೆಟ್ ನಾರ್ದಾಲ್ ಅವರನ್ನು ಮೊದಲ ಪುಟದಲ್ಲಿಡಿ. ಫ್ರೆಂಚ್ ಮತ್ತು ಅರಬ್ಬಿ ಬಲ್ಲ ಕನ್ನಡಿಗರು ನಮ್ಮಲ್ಲಿದ್ದಾರೆ. ಇಂಗ್ಲಿಷಿನ ದಾರಿ ಹಿಡಿಯದೆ ನೇರವಾಗಿ ಮಾಡಬೇಕಾದ ಕೆಲಸ ಇದು, ಅವರು ಮುಂದೆ ಬರಬೇಕೆಂದು ಕೇಳಿಕೊಳ್ಳುತ್ತೇನೆ.